ಕಲ್ಲಿನ ಸೀಮೆಯಲ್ಲಿ ಕೈಪಾಠ

ವಾಡಿ ಜಂಕ್ಷನ್ನಿನಲ್ಲಿ ಇಳಿದವರಿಗೆ ಕಲಬುರಗಿ ಜಿಲ್ಲೆಯ ಈ ಸೀಮೆ ಸುಣ್ಣಕಲ್ಲಿನ ನಾಡೆಂದು ಬೇಗನೆ ತಿಳಿಯುತ್ತದೆ. ವಾಡಿಯಲ್ಲಿ ಆ ಕಲ್ಲು ಬೆಂದು ಸಿಮೆಂಟಾಗುತ್ತದೆ. ಶಹಾಬಾದದಲ್ಲಿ ಪದರುಪದರಾಗಿ ಎದ್ದು ಫರಸಿಯಾಗುತ್ತದೆ. ಚಿತ್ತಾಪುರ, ಸೇಡಂ ಕಡೆಯ ಮನೆಗಳಲ್ಲಿ ನೆಲವೂ ಅದೇ, ಕಟ್ಟೆಯೂ ಅದೇ. ಬಳಸುವವರ ಅಗತ್ಯವನ್ನರಿತು ವಸ್ತುವಿಗೆ ರೂಪ ಕೊಡುವ ಈ ವಿದ್ಯೆಗೆ ಇಂದು ವಸ್ತುವಿನ್ಯಾಸವೆಂದು ಹೆಸರು.

ಇದನ್ನು ಮಕ್ಕಳು ಕೈಯಿಂದಲೇ ಕಲಿಯಬೇಕೆಂದು ನಾವು ಭಾವಿಸುತ್ತೇವೆ. ನೀರಿನ ಕೊಡಕ್ಕೊಂದು ಪೀಠ ಮಾಡಲು ಹೇಳಿರಿ. ಎಷ್ಟು ಎತ್ತರವಿದ್ದರೆ ನಡು ನೋಯದೆಂದು ಮೊದಲು ಅಜ್ಜಿಯನ್ನು ಕೇಳಲಿ. ಬಳಿಕ ಹಸಿಮಣ್ಣಿನಲ್ಲಿ ಚಿಕ್ಕ ಮಾದರಿ ಮಾಡಿ, ಒಣಗಿಸಿ, ಮೇಲೆ ನೀರು ತುಂಬಿದ ತಂಬಿಗೆಯಿಟ್ಟು ನೋಡಲಿ. ಏರುಪೇರಾದ ನೆಲದಲ್ಲಿ ನಾಲ್ಕು ಕಾಲಿನದು ಅಲುಗುತ್ತದೆ. ಮೂರು ಕಾಲಿನದು ಅಲುಗದು, ಆದರೆ ಭಾರ ಒಂದು ಬದಿಗೆ ಸರಿದರೆ ಬೇಗ ಉರುಳುತ್ತದೆ. ಒಲೆಗೆ ಮೂರೇ ಗುಂಡು ಏಕೆಂಬುದು ಆಗ ತಾನಾಗಿ ಹೊಳೆಯುತ್ತದೆ. ಕೆಡಿಸಿ ಮತ್ತೆ ಮಾಡುವುದೇ ಇಲ್ಲಿಯ ಪಾಠ. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಮಕ್ಕಳಿಗೆ ಮಣ್ಣೇ ಲೇಸು.

ಕಾಡಿನ ಚಿಂಚೋಳಿಯಲ್ಲಿ ತೊಗರಿ ಕೇರುವ ಮೊರವೇ ಪಾಠವಾಗಲಿ. ಕಾಳು ಹಿಂದೆ ನಿಲ್ಲಬೇಕು, ಹೊಟ್ಟು ಮುಂದೆ ಹಾರಬೇಕು. ಅದಕ್ಕೇ ಅದರ ಹಿಂಬದಿ ಎತ್ತರ, ಮುಂಬದಿ ಬಯಲು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಚೀಲವಿಲ್ಲದ 10 ದಿನಗಳನ್ನು ಸೂಚಿಸಿ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಹೇಳಿದೆ. ಕಾಯಕವನ್ನು ಕೊಂಡಾಡುವ ನಾವು, ಕಲ್ಲು ಕಡಿಯುವ ತಂದೆಯನ್ನು ಆ ದಿನಗಳಲ್ಲಾದರೂ ಶಾಲೆಗೆ ಗುರುವಾಗಿ ಕರೆಯೋಣ. ಅಪ್ಪನ ಉಳಿಗೆ ನಾಚುವ ಮಗು, ಅದರ ಹಿಂದಿರುವ ಲೆಕ್ಕವನ್ನು ಅಂದು ಕಣ್ಣಾರೆ ಕಾಣಲಿ.