ಡಾಕ್ಟರ್ ಮೆಕೆಂಜಿಯ ಕಣ್ಕಟ್ಟು

ಎರಡು ವರ್ಷದ ಹಿಂದೆ ನನ್ನ ಎಡಗಣ್ಣಿನ ರೆಟಿನಾ ಕಳಚಿಕೊಂಡಿತು. ಪುಣೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ಕೊನೆಗೆ ಉಳಿದದ್ದು ಬೆಳಕು, ನೆರಳು, ಎದುರಿಗೆ ಯಾರೋ ಬಂದರು ಎನ್ನುವಷ್ಟು ತಿಳಿವಳಿಕೆ.

ಒಂದು ಕಣ್ಣು ಹೋದರೆ ಅರ್ಧ ಜಗತ್ತು ಕತ್ತಲಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನೂ ಆಗುವುದಿಲ್ಲ. ಹೋಗುವುದು ದೂರದ ಅಂದಾಜು. ಕಿಟ್ಲಿಯಿಂದ ಬಗ್ಗಿಸಿದ ಚಹಾ ಕಪ್ಪಿನ ಆಚೆ ಬೀಳುತ್ತದೆ. ಕೈ ಕುಲುಕಲು ಚಾಚಿದರೆ ಎದುರಿನವರ ಕೈಗಿಂತ ನಾಲ್ಕು ಬೆರಳು ಈಚೆಗೇ ನಮ್ಮ ಕೈ ನಿಂತಿರುತ್ತದೆ. ಮೆಟ್ಟಿಲು ಮುಗಿಯಿತೋ ಇನ್ನೊಂದಿದೆಯೋ ಎಂದು ಕಾಲಿನಿಂದ ತಡವಿ ನೋಡಬೇಕು. ಪುಣೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದನ್ನಂತೂ ಅವತ್ತೇ ಬಿಟ್ಟೆ.

ಗಾಲ್ಫ್ ಬಿಡಲಿಲ್ಲ. ನಾನು ಹುಟ್ಟು ಗಾಲ್ಫಿಗನಲ್ಲ. ಧಾರವಾಡದ ಓಣಿಯಲ್ಲಿ ಲಗೋರಿ, ಚಿಣಿಕೋಲು ಆಡಿದವನು. ನಲವತ್ತು ದಾಟಿದ ಮೇಲೆ ಕಂಪನಿಯ ಜಪಾನಿ ಅತಿಥಿಗಳ ಜೊತೆ ಹೋಗಲು ಒಬ್ಬರು ಬೇಕಿತ್ತು, ನನ್ನನ್ನು ತಳ್ಳಿದರು. ಅಲ್ಲಿಂದ ಹಿಡಿದ ಹುಚ್ಚು. ಕಣ್ಣು ಹೋದ ಮೇಲೆ ಮೂರು ತಿಂಗಳು ಕಿಟ್ ಅಟ್ಟದ ಮೇಲಿತ್ತು. ಇಳಿಸಿದ ದಿನ ನನ್ನ ಹೆಂಡತಿ ಅಂದಳು, "ಅಲ್ರೀ, ಚಹಾ ಕಪ್ಪಿನಾಗ ಬೀಳವಲ್ದು, ಆ ಚೆಂಡು ಕುಣಿಯಾಗ ಬೀಳ್ತದೇನು?"

ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಕಣ್ಣಿನ ಡಾಕ್ಟರರು ಕೊಟ್ಟ ಉತ್ತರ ಹೀಗಿತ್ತು: ಎರಡು ಕಣ್ಣುಗಳ ನಡುವೆ ಇರುವುದು ಆರೇಳು ಸೆಂಟಿಮೀಟರ್ ಅಂತರ. ಎರಡೂ ಕಣ್ಣು ನೋಡುವ ಚಿತ್ರಗಳಲ್ಲಿ ಇರುವ ಸಣ್ಣ ವ್ಯತ್ಯಾಸದಿಂದ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಹತ್ತಿರದ ವಸ್ತುಗಳಿಗೆ ಈ ಲೆಕ್ಕ ಬಹಳ ಕೆಲಸಕ್ಕೆ ಬರುತ್ತದೆ. ನೂರಿನ್ನೂರು ಗಜ ದೂರದ ವಸ್ತುವಿಗೆ ಆ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿ ಎಲ್ಲರೂ ಗಾತ್ರ ನೋಡಿ, ನೆರಳು ನೋಡಿ, ಯಾವುದು ಯಾವುದನ್ನು ಮರೆಮಾಡಿದೆ ಎಂದು ನೋಡಿ ಊಹಿಸುವವರೇ. "ಅಷ್ಟು ದೂರಕ್ಕೆ ನಾವೆಲ್ಲ ಒಕ್ಕಣ್ಣರೇ" ಎಂದು ನಕ್ಕರು.

ಈ ಮಾತನ್ನು ಪರೀಕ್ಷೆಗೆ ಹಚ್ಚುವಂಥ ಜಾಗವೊಂದಕ್ಕೆ ಕಳೆದ ಮೇ ತಿಂಗಳಲ್ಲಿ ಹೋಗಿದ್ದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್ ಊರಿನ ಗುಡ್ಡದ ಮೇಲಿರುವ ಪಸಾತಿಯೆಂಪೊ ಗಾಲ್ಫ್ ಕೋರ್ಸ್. ಮಗಳು ಸ್ಯಾನ್ ಹೋಸೆಯಲ್ಲಿದ್ದಾಳೆ. ಅಳಿಯ ಮೈಸೂರಿನವರು, ಆಫೀಸಿನ ಗೆಳೆಯರ ಜೊತೆ ಈಗಷ್ಟೇ ಗಾಲ್ಫ್ ಕಲಿಯುತ್ತಿದ್ದಾರೆ. ನನ್ನ ಅರುವತ್ತರ ಉಡುಗೊರೆಯೆಂದು ಅವರೇ ಬುಕ್ ಮಾಡಿದ್ದರು. ಒಬ್ಬೊಬ್ಬರ ಫೀಸು 300 ಡಾಲರ್ ದಾಟಿತ್ತು. ನನ್ನ ಮುಖ ನೋಡಿ, "ಮಾವ, ರೂಪಾಯಿಗೆ ಗುಣಿಸಬೇಡಿ" ಅಂದರು. ಆಗಲೇ ಗುಣಿಸಿಬಿಟ್ಟಿದ್ದೆ.

ಈ ಕೋರ್ಸನ್ನು ರೂಪಿಸಿದವನು ಅಲಿಸ್ಟರ್ ಮೆಕೆಂಜಿ. ಗಾಲ್ಫ್ ನೋಡದವರಿಗೂ ಟಿವಿಯಲ್ಲಿ ಅಗಸ್ಟಾ ಎಂಬ ಹೆಸರು ಬಿದ್ದಿರುತ್ತದೆ. ಬಾಬಿ ಜೋನ್ಸ್ ಜೊತೆ ಸೇರಿ ಅದನ್ನು ರೂಪಿಸಿದವನೂ ಈತನೇ. ಮೂಲತಃ ವೈದ್ಯ. 1870ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವೈದ್ಯಕೀಯ ಓದಿ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇನೆಯ ಸರ್ಜನ್ ಆಗಿ ಹೋದ. ಅಲ್ಲಿ ಅವನ ಗಮನ ಸೆಳೆದದ್ದು ಬೋಯರ್ ರೈತರು ಅಡಗುತ್ತಿದ್ದ ರೀತಿ. ಕಣ್ಣಿಗೆ ಹೊಡೆಯುವ ಕಡೆ ಸುಳ್ಳು ಕಂದಕ, ಯಾರೂ ಊಹಿಸದ ಕಡೆ ನಿಜವಾದ ಕಂದಕ. ಬ್ರಿಟಿಷ್ ತೋಪುಗಳು ಸುಳ್ಳು ಕಂದಕದ ಮೇಲೆ ಗುಂಡು ಸುರಿಸುತ್ತಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ಮೆಕೆಂಜಿ ಇದೇ ವಿದ್ಯೆಯನ್ನು ತನ್ನ ಸೇನೆಗೆ ಕಲಿಸಿದ. ಆಮೇಲೆ ವೈದ್ಯಕೀಯ ಬಿಟ್ಟು ಪೂರ್ತಿ ಗಾಲ್ಫ್ ಕೋರ್ಸ್‌ಗಳ ಕೆಲಸಕ್ಕೆ ಇಳಿದ. 1920ರಲ್ಲಿ ಪುಸ್ತಕವನ್ನೂ ಬರೆದ. ದೂರದ ನೋಟವನ್ನು ಏಮಾರಿಸುವ ಕಲೆಯನ್ನು ಯುದ್ಧದಿಂದ ಮೈದಾನಕ್ಕೆ ತಂದ ಮನುಷ್ಯ. ನಾನು, ಇರುವ ಒಂದೇ ಕಣ್ಣು ಹೊತ್ತುಕೊಂಡು, ಅವನ ಅಂಗಳಕ್ಕೆ ಹೊರಟಿದ್ದೆ.

ಸ್ಯಾನ್ ಹೋಸೆಯಿಂದ ಹೆದ್ದಾರಿ 17ರಲ್ಲಿ ರೆಡ್‌ವುಡ್ ಕಾಡಿನ ನಡುವೆ ಹೊರಳಿ ಹೊರಳಿ ಹೋಗಬೇಕು. ಅಂಕೋಲಾದ ಕಡೆ ಇಳಿಯುವಾಗಿನ ಅರಬೈಲ್ ಘಾಟ್ ನೆನಪಾಯಿತು. ಬೆಳಿಗ್ಗೆ ಸಮುದ್ರದ ಮಂಜು ಕವಿದಿತ್ತು. ಮೊದಲ ಟೀಯಿಂದ ಮಾಂಟೆರೆ ಕೊಲ್ಲಿ ಕಾಣುತ್ತದೆ ಎಂದು ಓದಿದ್ದೆ. ನಮಗೆ ಕಂಡದ್ದು ಬಿಳಿ ಪರದೆ. ನಮ್ಮ ಜೊತೆ ಆಡಲು ಸ್ಥಳೀಯ ದಂಪತಿಗಳಿಬ್ಬರನ್ನು ಸೇರಿಸಿದ್ದರು, ಎಪ್ಪತ್ತರ ಆಸುಪಾಸಿನವರು. ಗಂಡ ಮಾತುಗಾರ, ಹೆಂಡತಿ ಆಟಗಾರ್ತಿ.

ಮೊದಲ ಎರಡು ಹೋಲು ಹೇಗೋ ಮುಗಿದವು. ಮೂರನೆಯದು ಪಾರ್ 3, ಪೂರ್ತಿ ಏರು. ನಾವು ಆಡಿದ ಟೀಯಿಂದ 200 ಗಜಕ್ಕೆ ಸ್ವಲ್ಪ ಕಡಿಮೆ. ಎದುರಿಗೆ ಹರಿದ ಮೋಡದಂಥ ಅಂಚಿನ ದೊಡ್ಡ ಬಂಕರುಗಳು, ಅವುಗಳ ತಲೆಯ ಮೇಲೇ ಹಸಿರು ಗ್ರೀನ್, ಅದರಲ್ಲಿ ಬಾವುಟ. ನನ್ನ ಬಳಿ ದೂರ ಅಳೆಯುವ ಲೇಸರ್ ದುರ್ಬೀನು ಇದೆ, ಕಣ್ಣು ಹೋದ ಮೇಲೆ ಕೊಂಡದ್ದು. ನೋಡಿ ಎಲ್ಲರಿಗೂ ಅಂಕಿ ಹೇಳಿದೆ. ಆದರೂ ನನಗೇ ನಂಬಿಕೆ ಬರಲಿಲ್ಲ. ನೂರೈವತ್ತಕ್ಕಿಂತ ಹೆಚ್ಚಿಲ್ಲ ಎನ್ನುವಂತೆ ಕಾಣುತ್ತಿತ್ತು.

ಅಳಿಯ ಹೊಡೆದರು, ಬಂಕರು. ಆ ಯಜಮಾನರು ಹೊಡೆದರು, ಅದೇ ಬಂಕರು. ಇಲ್ಲಿ ಎಷ್ಟೋ ವರ್ಷದಿಂದ ಆಡುತ್ತಿರುವ ಮನುಷ್ಯ! ನಾನು ಬ್ಯಾಗಿನಿಂದ ಡ್ರೈವರ್ ತೆಗೆದೆ. ಪಾರ್ 3ಕ್ಕೆ ಡ್ರೈವರ್ ತೆಗೆಯುವುದು ಗಂಡಸರಿಗೆ ಸ್ವಲ್ಪ ಮರ್ಯಾದೆ ಹೋಗುವ ವಿಷಯ. ಆದರೆ ಎರಡು ವರ್ಷದಿಂದ ನಾನು ಕಣ್ಣು ಹೇಳಿದ್ದನ್ನು ನಂಬದೆ ಬದುಕುವುದನ್ನು ಅಭ್ಯಾಸ ಮಾಡಿದ್ದೇನೆ. ಕಿಟ್ಲಿಯ ಮೂತಿಯನ್ನು ಕಪ್ಪಿನ ಅಂಚಿಗೆ ತಾಗಿಸಿ ಆಮೇಲೆ ಬಗ್ಗಿಸುತ್ತೇನಲ್ಲ, ಹಾಗೆ. ಅಂಕಿಗೆ ತಕ್ಕಂತೆ ಹೊಡೆದೆ. ಚೆಂಡು ಗ್ರೀನಿನ ಮುಂಚಿಗೆ ಬಿದ್ದು ಒಳಗೆ ಉರುಳಿತು. ಉರುಳಿದ್ದನ್ನು ನೋಡಿದವರು ಅಳಿಯ, ನನಗೆ ಕಾಣಲಿಲ್ಲ.

ಹತ್ತಿ ಹೋದಾಗ ಗುಟ್ಟು ಗೊತ್ತಾಯಿತು. ಕೆಳಗಿನಿಂದ ಗ್ರೀನಿಗೆ ಅಂಟಿಕೊಂಡಂತೆ ಕಂಡ ಬಂಕರು ಎಷ್ಟೋ ಹಿಂದೆಯೇ ಇತ್ತು. ಅದಕ್ಕೂ ಗ್ರೀನಿಗೂ ನಡುವೆ ಉದ್ದಕ್ಕೆ ಹುಲ್ಲು. ಬಂಕರಿನ ಎತ್ತಿದ ತುಟಿ ಆ ಹುಲ್ಲನ್ನು ಪೂರ್ತಿ ಮುಚ್ಚಿಟ್ಟಿತ್ತು. ನಡುವಿನ ನೆಲ ಕಾಣದಿದ್ದರೆ ಮನಸ್ಸು ಅದು ಇಲ್ಲವೇ ಇಲ್ಲ ಎಂದುಕೊಂಡುಬಿಡುತ್ತದೆ. ಗ್ರೀನಿನ ಮೇಲೆ ನಿಂತು ತಿರುಗಿ ನೋಡಿದರೆ ಎಲ್ಲ ಬಯಲು, ಮೋಸವೇ ಇಲ್ಲ. ಅಂಕಿ ಕೈಯಲ್ಲಿದ್ದರೂ ಎರಡು ಕಣ್ಣಿನವರಿಬ್ಬರ ಮೈ ಕಣ್ಣಿನ ಮಾತನ್ನೇ ಕೇಳಿತ್ತು. ನಮ್ಮ ಡಾಕ್ಟರರು ಅಲ್ಲಿರಬೇಕಿತ್ತು ಅನ್ನಿಸಿತು. ಹೀಗೆಂದು ನಾನು ಆ ಹೋಲಿನಲ್ಲಿ ಗೆದ್ದೆ ಎಂದು ತಿಳಿಯಬೇಡಿ. ಮೂರು ಪಟ್ ಹೊಡೆದು ನಾಲ್ಕು ಮಾಡಿಕೊಂಡೆ.

ಪಟ್ಟಿಂಗ್ ನನ್ನ ಸಂಕಟ. ದೂರದಲ್ಲಿ ಎಲ್ಲರೂ ಒಕ್ಕಣ್ಣರು ಸರಿ, ಹತ್ತಡಿಯಲ್ಲಿ ನಾನೊಬ್ಬನೇ. ಪುಣೆಯಲ್ಲಿ ನನ್ನ ಕ್ಯಾಡಿ ಇದ್ದಾನೆ, ಹದಿನೈದು ವರ್ಷದ ಪರಿಚಯ. ಕಣ್ಣು ಹೋದ ಮೇಲೆ ಅವನೇ ನನ್ನ ಎಡಗಣ್ಣು. ಹಿಂದೆ ಕೂತು, "ಸಾಹೇಬ, ದೋನ್ ಬೋಟ್ ಉಜವೀಕಡೆ" ಅನ್ನುತ್ತಾನೆ, ಎರಡು ಬೆರಳು ಬಲಕ್ಕೆ. ನಾನು ಹಾಗೇ ಹೊಡೆಯುತ್ತೇನೆ. ಇಲ್ಲಿ ಆ ಕೆಲಸ ಅಳಿಯನ ಪಾಲಿಗೆ ಬಂತು. ಪಾಪ, ಅವರಿಗೆ ತಮ್ಮ ಚೆಂಡಿನ ದಾರಿಯೇ ಗೊತ್ತಾಗುತ್ತಿರಲಿಲ್ಲ. "ಬಲಕ್ಕೆ ಇರಬಹುದು ಮಾವ... ಅಥವಾ ಎಡಕ್ಕೆ."

ಆರನೆಯ ಹೋಲಿನ ಪಕ್ಕದಲ್ಲಿ ಮೆಕೆಂಜಿಯ ಮನೆ ಇದೆ. ಜಗತ್ತಿನ ಎಲ್ಲೆಲ್ಲೋ ಕೋರ್ಸ್ ಕಟ್ಟಿದವನು ಕೊನೆಗೆ ಬಂದು ಇದ್ದದ್ದು ಇಲ್ಲಿ. 1934ರ ಜನವರಿಯಲ್ಲಿ, ಅಗಸ್ಟಾದ ಮೊದಲ ಟೂರ್ನಿಗೆ ಇನ್ನೆರಡು ತಿಂಗಳಿದ್ದಾಗ, ತೀರಿಕೊಂಡ. ಅವನ ಬೂದಿಯನ್ನು ಇದೇ ಕೋರ್ಸಿನ ಮೇಲೆ ಚೆಲ್ಲಿದರು. ಫೇರ್‌ವೇಯಲ್ಲಿ ನಿಂತು ಇದನ್ನು ಕೇಳಿದಾಗ ಅಳಿಯ ಕಾಲನ್ನು ಸ್ವಲ್ಪ ಎತ್ತಿಟ್ಟರು, ನಮ್ಮವರಿಗೆ ಬರುವ ಸಹಜ ಸಂಕೋಚ.

ಆ ಹೆಂಗಸಿಗೆ ಮೆಕೆಂಜಿಗಿಂತ ಮೇರಿಯನ್ ಹಾಲಿನ್ಸ್ ಮೇಲೆ ಅಭಿಮಾನ. ಅವರ ಪ್ರಕಾರ ಎಲ್ಲರೂ ಡಾಕ್ಟರನ ಹೆಸರು ಹೇಳುತ್ತಾರೆ, ಹೇಳಬೇಕಾದದ್ದು ಈಕೆಯ ಹೆಸರು. 1921ರಲ್ಲಿ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್ ಆದವಳು. ಪಸಾತಿಯೆಂಪೊದ ಕನಸು, ಜಾಗ, ದುಡ್ಡು ಎಲ್ಲ ಅವಳದು. ಮೆಕೆಂಜಿಯನ್ನು ಕರೆಸಿದವಳೂ ಅವಳೇ. ಇದಕ್ಕೂ ಮೊದಲು ಸೈಪ್ರೆಸ್ ಪಾಯಿಂಟ್‌ನಲ್ಲಿ ಸಮುದ್ರ ದಾಟಿಸಿ ಹೊಡೆಯುವ ಹೋಲು ಸಾಧ್ಯವೇ ಎಂದು ಗಂಡಸರು ಚರ್ಚಿಸುತ್ತಿದ್ದಾಗ ಚೆಂಡು ಇಟ್ಟು ದಾಟಿಸಿ ತೋರಿಸಿದಳಂತೆ. ಆ ಹೋಲಿನ ಶ್ರೇಯಸ್ಸು ಅವಳದೇ ಎಂದು ಮೆಕೆಂಜಿಯೂ ಬರೆದಿದ್ದಾನೆ. 1929ರ ಸೆಪ್ಟೆಂಬರ್ 8ರಂದು ಪಸಾತಿಯೆಂಪೊ ತೆರೆದಾಗ ಬಾಬಿ ಜೋನ್ಸ್ ಜೊತೆ ಆಡಿದ ನಾಲ್ವರಲ್ಲಿ ಆಕೆಯೂ ಒಬ್ಬಳು. ಮುಂದಿನ ತಿಂಗಳೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ತೈಲದಿಂದ ಬಂದ ದೊಡ್ಡ ದುಡ್ಡೂ ಕೊನೆಗೆ ಉಳಿಯಲಿಲ್ಲ, ಪಸಾತಿಯೆಂಪೊ ಕೈ ಬಿಟ್ಟುಹೋಯಿತು.

ಹಿಂದಿನ ಒಂಬತ್ತರಲ್ಲಿ ಕೊರಕಲುಗಳು ಶುರು. ಅಲ್ಲಿನವರು ಬರಾಂಕಾ ಅನ್ನುತ್ತಾರೆ. ಬರೆಯಲು ಹೋದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಹದಿನೈದು ಮುಗಿಯುವಷ್ಟರಲ್ಲಿ ಏಳು ಚೆಂಡು ಕೊರಕಲಿಗೆ ಅರ್ಪಣೆಯಾಗಿದ್ದವು.

ಹದಿನಾರನೆಯದು ಮೆಕೆಂಜಿಗೆ ಅಚ್ಚುಮೆಚ್ಚಿನ ಪಾರ್ 4. ಮೊದಲ ಹೊಡೆತಕ್ಕೆ ಎದುರಿಗೆ ಬರೀ ದಿಬ್ಬ, ಆಚೆ ಏನೂ ಕಾಣುವುದಿಲ್ಲ. ಎರಡನೆಯದು ಕೊರಕಲು ದಾಟಿಸಿ ಮೂರು ಅಂತಸ್ತಿನ ಕಡಿದಾದ ಗ್ರೀನಿಗೆ. ಟೀ ಮೇಲೆ ನಿಂತು ಮುಂದಿನವರು ಹೋಗಲೆಂದು ಕಾಯುತ್ತಿದ್ದೆವು. ಮಂಜು ಆಗಲೇ ಕರಗಿತ್ತು. ನಾನು ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಆಚೀಚೆ ಹೊರಳಿಸಿ ನೋಡಿಕೊಂಡೆ. ದಿನಕ್ಕೆ ನಾಲ್ಕೈದು ಸಲ ನೋಡಿಕೊಳ್ಳುತ್ತೇನೆ, ಅಭ್ಯಾಸ.

"ಏನು ಮಾವ, ಕಸ ಬಿತ್ತಾ?"

ಯಾಕೆ ಹೇಳಿದೆನೋ ಗೊತ್ತಿಲ್ಲ. ಮಗಳಿಗೆ ಹೇಳಿರಲಿಲ್ಲ, ಮನೆಯಲ್ಲಿ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಬಲಗಣ್ಣಿನ ರೆಟಿನಾ ಕೂಡ ಅಂಚಿನಲ್ಲಿ ತೆಳುವಾಗಿದೆ. ಲೇಸರ್ ಹಾಕಿದ್ದಾರೆ. ಮಿಂಚು ಹೊಡೆದಂತಾದರೆ, ಒಮ್ಮೆಲೇ ಕಪ್ಪು ಚುಕ್ಕೆಗಳು ಸುರಿದರೆ, ಬದಿಯಿಂದ ಪರದೆ ಇಳಿದಂತಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಏನೂ ಆಗದೆಯೂ ಇರಬಹುದು. ಆಡಬೇಡಿ ಎಂದು ಡಾಕ್ಟರರು ಹೇಳಿಲ್ಲ.

ಅಳಿಯ ಸುಮಾರು ಹೊತ್ತು ಮಾತಾಡಲಿಲ್ಲ. ಆ ದಂಪತಿಗಳು ಕನ್ನಡ ತಿಳಿಯದೆ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ, "ನಿಮ್ಮ ಸರದಿ ಮಾವ" ಅಂದರು. ದಿಬ್ಬದ ಆಚೆ ಹೊಡೆದೆ. ಹತ್ತಿ ಹೋದಾಗ ಚೆಂಡು ಫೇರ್‌ವೇ ನಡುವೆ ಇತ್ತು. ಆ ಸುಖವನ್ನು ಮಾತ್ರ ಹೇಳಿಕೊಳ್ಳುತ್ತೇನೆ. ಎರಡನೆಯ ಹೊಡೆತ ಎಲ್ಲಿ ಹೋಯಿತು ಎಂದು ಕೇಳಬೇಡಿ.

ಕೊನೆಯ ಹೋಲು ಮತ್ತೆ ಪಾರ್ 3, ಮತ್ತೆ ಕೊರಕಲಿನ ಮೇಲೆ. ಕೊನೆಯ ಹೋಲು ಇಷ್ಟು ಗಿಡ್ಡದ್ದು ಇರುವುದು ಅಪರೂಪ. ಆಟದುದ್ದಕ್ಕೂ ಒದ್ದಾಡಿದವನಿಗೂ ಇನ್ನೊಂದೇ ಒಂದು ಒಳ್ಳೆಯ ಹೊಡೆತದ ಆಸೆ ಉಳಿಸುವ ಏರ್ಪಾಡು. ಎಷ್ಟೇ ಅಂಕ ಏರಿಸಿಕೊಂಡರೂ ಸಾಮಾನ್ಯ ಆಟಗಾರನಿಗೆ ಆಟ ಖುಷಿ ಕೊಡಬೇಕು ಎನ್ನುವುದು ಮೆಕೆಂಜಿಯ ತತ್ವಗಳಲ್ಲೊಂದು. ಐರನ್ ಚೆನ್ನಾಗಿ ತಾಗಿತು, ಕೈಗೆ ಗೊತ್ತಾಯಿತು.

"ಎಲ್ಲಿ ಹೋಯಿತು?" ಎಂದೆ.

"ಗ್ರೀನಿನ ಮೇಲೆ. ಎಡಗಡೆ. ಬಾವುಟಕ್ಕೆ ಒಂದು ಇಪ್ಪತ್ತಡಿ." ಈ ಸಲ ಅಳಿಯನ ದನಿಯಲ್ಲಿ "ಇರಬಹುದು" ಇರಲಿಲ್ಲ.

ಒಟ್ಟು 111. ವಾಪಸು ಹೆದ್ದಾರಿಯಲ್ಲಿ ಅರ್ಧ ದಾರಿ ಬಂದ ಮೇಲೆ ಅವರು, "ನಾನು ಅವಳಿಗೆ ಹೇಳಲ್ಲ ಮಾವ. ನೀವೇ ಹೇಳಿ, ಇವತ್ತೇ" ಅಂದರು.

ಮನೆಗೆ ಬಂದಾಗ ಮಗಳು ಚಹಾ ಮಾಡುತ್ತಿದ್ದಳು. ಹೇಳಿದೆ. ಅವಳು ಸೋಸುವುದನ್ನು ನಿಲ್ಲಿಸಿ, "ರಿಪೋರ್ಟ್ ಎಲ್ಲಿ ಅದ? ಫೋನಿನಾಗ ಅದ ಏನು? ತಗಿ" ಅಂದಳು. ಧಾರವಾಡದ ಮಾತು ಸಿಟ್ಟು ಬಂದಾಗ ಮಾತ್ರ ಅವಳ ಬಾಯಲ್ಲಿ ಬರುತ್ತದೆ. ಮೇಜಿನ ಮೇಲೆ ಫೋನು ಇಟ್ಟುಕೊಂಡು ಒಂದೊಂದೇ ಪುಟ ಓದತೊಡಗಿದಳು. ನಾನು ಎದ್ದು ಕಿಟ್ಲಿ ತೆಗೆದುಕೊಂಡು, ಮೂತಿಯನ್ನು ಕಪ್ಪಿನ ಅಂಚಿಗೆ ತಾಗಿಸಿ, ನಾಲ್ಕು ಜನಕ್ಕೂ ಚಹಾ ಬಗ್ಗಿಸಿದೆ.