ಹುಡುಗರೆಂದು ಕರೆಸಿಕೊಂಡವರು

ಕ್ರಿ. ಶ. ೧೨೧೨ರಲ್ಲಿ ಯುರೋಪು ಖಂಡದಲ್ಲಿ ನಡೆದ ‘ಮಕ್ಕಳ ಧರ್ಮಯುದ್ಧ’ದ ಕಥೆಯನ್ನು ಏಳನೆಯ ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಮನಸ್ಸು ಸ್ವಲ್ಪ ಅಳುಕುತ್ತದೆ. ಕೇಳುವವರೂ ಅದೇ ವಯಸ್ಸಿನವರಲ್ಲವೇ?

ಧರ್ಮಯುದ್ಧವೆಂಬುದು ಪೋಪರ ಅಪ್ಪಣೆಯಂತೆ ಅರಸರೂ ಸರದಾರರೂ ಕೈಕೊಳ್ಳತಕ್ಕ ಕಾರ್ಯವೆಂದು ಅಂದಿನ ಕಟ್ಟಳೆ. ಅವರು ೧೦೯೯ರಲ್ಲಿ ಗೆದ್ದ ಜೆರೂಸಲೇಮನ್ನು ೧೧೮೭ರಲ್ಲಿ ಸಲಾದೀನನು ಮರಳಿ ಪಡೆದನು. ೧೨೦೪ರಲ್ಲಂತೂ, ಪುಣ್ಯಭೂಮಿಯ ವಿಮೋಚನೆಗೆಂದು ಹೊರಟ ಸೈನ್ಯವು ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿತು! ದೊಡ್ಡವರಿಂದಾಗದ ಕೆಲಸವು ಬಡವರಿಂದ, ನಿರ್ಮಲಚಿತ್ತರಿಂದ ಆದೀತೆಂದು ಸಾಮಾನ್ಯ ಜನರು ನಂಬಿದ್ದರೆ ಆಶ್ಚರ್ಯವೇನು?

ಫ್ರಾನ್ಸಿನಲ್ಲಿ ಸ್ಟೀಫನ್ ಎಂಬ ಕುರಿಕಾಯುವ ಹುಡುಗನು, ಕ್ರಿಸ್ತನೇ ತನಗೆ ಪತ್ರವೊಂದನ್ನು ಕೊಟ್ಟನೆಂದು ಸಾರಿ ಜನರನ್ನು ಕೂಡಿಸಿದನು. ಅರಸನಾದ ಎರಡನೆಯ ಫಿಲಿಪ್ಪನು ಪ್ಯಾರಿಸಿನ ಪಂಡಿತರನ್ನು ವಿಚಾರಿಸಿ, ಎಲ್ಲರೂ ಮನೆಗೆ ಮರಳತಕ್ಕದ್ದೆಂದು ಆಜ್ಞಾಪಿಸಿದನು. ಜರ್ಮನಿಯ ಕೊಲೋನ್ ಕಡೆಯಿಂದ ನಿಕೋಲಾಸನೊಡನೆ ಹೊರಟವರಿಗೆ ಹಾಗೆ ತಡೆಯುವವರು ಸಿಗಲಿಲ್ಲ. ಸಮುದ್ರವು ಇಬ್ಭಾಗವಾಗಿ ದಾರಿ ಬಿಡುವುದು, ಒಣಗಾಲಿನಲ್ಲೇ ಪುಣ್ಯಭೂಮಿಯನ್ನು ಸೇರಬಹುದು ಎಂಬ ನಂಬಿಕೆಯಿಂದ ಅವರು ಆಲ್ಪ್ಸ್ ಪರ್ವತಗಳನ್ನು ದಾಟಿದರು. ಆಗಸ್ಟ್ ೨೫ರಂದು ಜಿನೋವಾ ಬಂದರನ್ನು ಮುಟ್ಟಿದವರು ಏಳು ಸಾವಿರಕ್ಕೂ ಮಿಕ್ಕವರೆಂದು ಆ ಊರಿನ ವೃತ್ತಾಂತವು ಹೇಳುತ್ತದೆ. ಸಮುದ್ರವು ದಾರಿ ಬಿಡಲಿಲ್ಲ.

“ಪರಶುರಾಮನಿಗೆ ಸಮುದ್ರ ಹಿಂದೆ ಸರಿಯಿತಲ್ಲ ಮಾಷ್ಟ್ರೇ, ಇವರಿಗೇಕೆ ಸರಿಯಲಿಲ್ಲ?” ಎಂದು ಒಬ್ಬ ಹುಡುಗನು ಕೇಳಿದನು. ನಮ್ಮ ಈ ಕಾಸರಗೋಡಿನ ನೆಲವೇ ಪರಶುರಾಮನು ಪಡೆದದ್ದೆಂದು ಅಜ್ಜಿಯ ಬಾಯಿಂದ ಕೇಳಿ ಬೆಳೆದವನು ಅವನು. ಕಥೆಯನ್ನು ಕೇಳಿ ಸಂತೋಷಪಡುವುದು ಬೇರೆ, ಅದನ್ನು ನೆಚ್ಚಿ ಮನೆ ಬಿಟ್ಟು ಹೊರಡುವುದು ಬೇರೆ ಎಂದೆನು. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ ಇನ್ನೂ ತೊಡಕಿನದು: “ಅವರ ಅಮ್ಮಂದಿರು ತಡೆಯಲಿಲ್ಲವೇ?” ತಡೆದಿದ್ದರು. ತಂದೆತಾಯಿಗಳ ಮಾತನ್ನೂ ಕೇಳದೆ, ಹೂಡಿದ ನೇಗಿಲನ್ನೂ ಹೊಡೆಯುತ್ತಿದ್ದ ಗಾಡಿಯನ್ನೂ ಮೇಯಿಸುತ್ತಿದ್ದ ಮಂದೆಯನ್ನೂ ಅಲ್ಲಲ್ಲೇ ಬಿಟ್ಟು ಹೊರಟರೆಂದು ಕೊಲೋನಿನ ವೃತ್ತಾಂತದಲ್ಲಿದೆ. ಆದರೆ ನೇಗಿಲು ಹೂಡುವವರು ಎಳೆಯ ಮಕ್ಕಳೇ? ಲ್ಯಾಟಿನ್ ಬರೆಹಗಾರರು ಬಳಸಿದ ಶಬ್ದ ‘ಪುಯೆರಿ’. ಹುಡುಗರೆಂಬುದು ಅದರ ಅರ್ಥವಾದರೂ ಆಳು, ದನಗಾಹಿ, ಹೊಲಮನೆಯಿಲ್ಲದ ಕೂಲಿಯವನು ಇವರಿಗೂ ಆ ಹೆಸರು ಸಲ್ಲುತ್ತಿತ್ತೆಂದು ಈಚಿನ ಇತಿಹಾಸಜ್ಞರು ತೋರಿಸಿದ್ದಾರೆ. ಮಕ್ಕಳೂ ಇದ್ದರು, ಮಕ್ಕಳೇ ಇದ್ದುದಲ್ಲ.

ನಮಗೆ ಇದು ತಿಳಿಯದ ಸಂಗತಿಯಲ್ಲ. ಹೋಟೆಲಿನಲ್ಲಿ ಚಹಾ ತಂದಿಡುವವನನ್ನು ನಮ್ಮ ಕರಾವಳಿಯವರು ‘ಮಾಣಿ’ ಎನ್ನುತ್ತೇವೆ. ಅವನ ತಲೆ ಪೂರಾ ನರೆತಿರಲಿ, ಮನೆಯಲ್ಲಿ ಮೊಮ್ಮಕ್ಕಳಿರಲಿ, ಅವನು ಮಾಣಿಯೇ. ಮುಂದೆ ಎಂಟುನೂರು ವರ್ಷಗಳ ಮೇಲೆ ಯಾರಾದರೂ ನಮ್ಮ ಕಾಗದಪತ್ರಗಳನ್ನೋದಿ, ಅಂದಿನ ಹೋಟೆಲುಗಳನ್ನೆಲ್ಲ ಹಸುಳೆಗಳೇ ನಡೆಸುತ್ತಿದ್ದರೆಂದು ಬರೆದರೆ ಹೇಗಾದೀತು! ಮಾರ್ಸೇಲಿನ ವರ್ತಕರು ಹಸುಮಕ್ಕಳನ್ನು ಹಡಗಿಗೇರಿಸಿ ಗುಲಾಮರನ್ನಾಗಿ ಮಾರಿದರೆಂಬ ಪ್ರಸಿದ್ಧ ಕಥೆಯನ್ನು ಸಂನ್ಯಾಸಿಯೊಬ್ಬನು ಎಷ್ಟೋ ವರ್ಷಗಳ ಮೇಲೆ ಬರೆದಿಟ್ಟನು. ಅದನ್ನು ಹಲವು ವಿದ್ವಾಂಸರು ಸಂಶಯಿಸುತ್ತಾರೆ. ಕಣ್ಣೀರು ತರಿಸುವ ಕಥೆ ನಿಜ. ಆದರೆ ಆ ಕಣ್ಣೀರಿನಲ್ಲಿ ನೇಗಿಲು ಬಿಟ್ಟು ಹೊರಟ ಕೂಲಿಯವನು ಕಾಣದೆ ಹೋಗುತ್ತಾನೆ.

ಗುಂಪುಗೂಡಿ ಹೋದವರು ಹಸಿದು, ಬರಿಗಾಲಿನಲ್ಲಿ, ಒಬ್ಬೊಬ್ಬರಾಗಿ ಮರಳಿದರೆಂದು ಓದುತ್ತೇವೆ. ಕೆಲವರು ಜಿನೋವಾದಲ್ಲೇ ಉಳಿದರು. ಹಿಂಬಾಲಿಸಿದವರ ಪೈಕಿ ಹೆಸರು ಉಳಿದಿರುವವನು ಆಟೋ ಎಂಬೊಬ್ಬ. ಅಂದು ತೊಟ್ಟ ಹರಕೆಯಿಂದ ತನ್ನನ್ನು ಬಿಡಿಸಬೇಕೆಂದು ಅವನು ಮಾಡಿಕೊಂಡ ಬಿನ್ನಹದ ಸಂಗತಿಯು ಪೋಪ್ ಮೂರನೆಯ ಹೊನೋರಿಯಸರ ೧೨೨೦ರ ಪತ್ರದಲ್ಲಿದೆ. ಎಂಟು ವರ್ಷ ಆ ಹರಕೆಯನ್ನು ಹೊತ್ತುಕೊಂಡಿದ್ದ ಅವನನ್ನು ಆ ಪತ್ರದಲ್ಲಿ ಬಡ ವಿದ್ಯಾರ್ಥಿಯೆಂದು ಕರೆದಿದೆ.