ಛೌನಿಯ ಸಿಲಖಾನೆಯಲ್ಲಿ

ದಿಲ್ಲಿಯ ಚಳಿ ಇಳಿದು ಬಿಸಿಲು ಏರುವುದರೊಳಗೆ ಎಲ್ಲಿಗಾದರೂ ಹೋಗಿಬರಬೇಕೆಂದು ನಾವಿಬ್ಬರೂ ಪ್ರತಿವರ್ಷ ಅಂದುಕೊಳ್ಳುವುದುಂಟು, ಹೋಗುವುದು ಅಪರೂಪ. ಈ ಸಲ ಕಾಠ್ಮಂಡುವಿನ ಯಾತ್ರೆ ಕೂಡಿಬಂದಿತು. ಮೊದಲ ದಿನ ಪಶುಪತಿನಾಥನ ದರ್ಶನ. ಅಲ್ಲಿಯ ಪ್ರಧಾನ ಅರ್ಚಕರಾದ ಭಟ್ಟರು ನಮ್ಮ ಕರ್ನಾಟಕದ ಕಡೆಯಿಂದಲೇ ಹೋದವರೆಂಬುದು ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು. ದೇವರ ಕೆಲಸ ಮುಗಿದ ಮೇಲೆ ಮಗನ ಕೆಲಸ ಉಳಿದಿತ್ತು.

ಮಗ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ಮದ್ದು ತುಂಬಿ ಹೊಡೆಯುವ ಹಳೆಯ ಮಾದರಿಯ ಕೋವಿಗಳಿಂದ ಗುರಿಯಿಡುವ ಒಂದು ಕೂಟಕ್ಕೆ ಸೇರಿಕೊಂಡಿದ್ದಾನೆ. "ಅಪ್ಪಾ, ನೇಪಾಳದ ಸೈನ್ಯದ ಹಳೆಯ ರೈಫಲುಗಳು ಇಲ್ಲಿ ಮಾರಾಟಕ್ಕಿವೆ. ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿದವೂ ಸಿಗುತ್ತವೆ. ಯಾವುದನ್ನು ಕೊಳ್ಳಲಿ? ಹೇಗೂ ಅಲ್ಲಿಗೆ ಹೋಗುತ್ತೀರಲ್ಲ, ನೋಡಿ ಹೇಳಿ" ಎಂದು ಫೋನಿನಲ್ಲಿ ಹೇಳಿದ್ದ.

ನಾವು ಕೊಡಗಿನವರು. ಕೈಲ್ ಮುಹೂರ್ತದಂದು ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸಬೇಕು, ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರಬೇಕು. ಇಲ್ಲವಾದರೆ ಹಬ್ಬ ಹಬ್ಬವಲ್ಲ. ನಮ್ಮ ಐನ್‌ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಕೇಪಿನ ಕೋವಿಯಿದೆ. ಕೆಲವು ವರ್ಷಗಳ ಹಿಂದೆ ಒಂದು ಹುತ್ತರಿಯಲ್ಲಿ ದೊಡ್ಡಪ್ಪನವರು ಅದನ್ನು ಹಾರಿಸಿದಾಗ, ಕೇಪು ಕೂರಿಸುವ ಮೊಳೆ ತುಕ್ಕಿನಿಂದ ಸಡಿಲವಾಗಿದ್ದುದು ಕಿತ್ತು ಹಾರಿ ಅವರ ಕಿವಿಯನ್ನು ಸೀಳಿಕೊಂಡು ಹೋಯಿತು. ಎರಡಂಗುಲ ಈಚೆಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಆದುದರಿಂದ ಮಗನ ಪ್ರಶ್ನೆಯನ್ನು ನಾವು ಹುಡುಗಾಟವೆಂದು ತಳ್ಳಿಬಿಡಲಿಲ್ಲ.

ಸ್ವಯಂಭೂ ಗುಡ್ಡದ ಹತ್ತಿರ ಛೌನಿ ಎಂಬ ಕಡೆ ನೇಪಾಳದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಭೀಮಸೇನ ಥಾಪಾ ಕಟ್ಟಿಸಿದ ಹಳೆಯ ಮಹಲು. ಮೊದಲು ಅದು ಸಿಲಖಾನೆ, ಎಂದರೆ ಆಯುಧಶಾಲೆ. 1792ರ ಯುದ್ಧದಲ್ಲಿ ಟಿಬೆಟ್ಟಿನವರಿಂದ ಗೆದ್ದು ತಂದ ಚರ್ಮದ ಫಿರಂಗಿಯನ್ನು ನೋಡಿ ನಮ್ಮವಳು, "ಚರ್ಮದಲ್ಲಿ ಫಿರಂಗಿಯೇ!" ಎಂದು ಬೆರಗಾದಳು. ನಮ್ಮ ಕಾಲುಗಳು ಮಾತ್ರ ಬಂದೂಕಗಳ ಸಾಲಿನ ಮುಂದೆಯೇ ನಿಂತವು.

ಮಗನು ಹೇಳಿದ ರೈಫಲುಗಳು ಇಲ್ಲಿಯವಲ್ಲ. ಅವು ಇದೇ ಊರಿನ ಲಗನ್ ಸಿಲಖಾನೆಯಲ್ಲಿ ತಲೆಮಾರುಗಟ್ಟಲೆ ರಾಶಿ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಆ ಉಗ್ರಾಣವನ್ನು ಒಟ್ಟಾಗಿ ಕೊಂಡು, ನೂರಾರು ಟನ್ ಸರಕನ್ನು ಹಡಗಿನಲ್ಲಿ ಸಾಗಿಸಿದರು. ಒಂದು ಶತಮಾನದ ಜಿಡ್ಡು ಧೂಳು ಮೆತ್ತಿಕೊಂಡ ಹಾಗೆಯೇ ಬೇಕೆಂದವರಿಗೆ ಹಾಗೆ, ತೊಳೆದು ಕೊಡಿ ಎಂದವರಿಗೆ ತೊಳೆದು ಮಾರಿದರು.

ಆ ರಾಶಿಯಲ್ಲಿ 1853ರ ಮಾದರಿಯ ಎನ್‌ಫೀಲ್ಡ್ ಕೋವಿಗಳೂ ಇದ್ದವು. ಕೊಬ್ಬು ಸವರಿದ ತೋಟಾ ಎಂದು 1857ರಲ್ಲಿ ಸಿಪಾಯಿಗಳು ಸಿಡಿದೆದ್ದುದು ಈ ಕೋವಿಯ ತೋಟಾದಿಂದಲೇ. ಇದರ ನಳಿಗೆ 39 ಅಂಗುಲ. ಒಳಗೆ ಸುರುಳಿಯಾಗಿ ಮೂರು ಗೀರುಗಳು. ಗೀರಿನಿಂದ ಗುಂಡು ಬುಗುರಿಯಂತೆ ತಿರುಗುತ್ತಾ ನೇರವಾಗಿ ಹೋಗುತ್ತದೆ. ದಂಗೆಯ ಬಳಿಕ ಇಂಗ್ಲಿಷರು ಏನು ಮಾಡಿದರು? ನಮ್ಮ ಸಿಪಾಯಿಗಳಿಗೆಂದು ಹೊರಗೆ ಅದೇ ಆಕಾರದ, ಒಳಗೆ ಗೀರಿಲ್ಲದ ನುಣುಪು ನಳಿಗೆಯ ಕೋವಿಗಳನ್ನು ಮಾಡಿಸಿದರು. ಗೋರಾ ಸೈನಿಕನ ಗುಂಡಿನಷ್ಟು ದೂರ ಸಿಪಾಯಿಯ ಗುಂಡು ಗುರಿ ಹಿಡಿಯಬಾರದು! ಆದುದರಿಂದ ಹಳೆಯದನ್ನು ಕೊಳ್ಳುವವನು ಹೊರಗಿನ ಮುದ್ರೆ ನೋಡಿ ಹಿಗ್ಗಬಾರದು. ನಳಿಗೆಯೊಳಗೆ ದೀಪ ಬಿಟ್ಟು ನೋಡಬೇಕು. ಗೀರಿದೆಯೆ, ತುಕ್ಕು ತಿಂದ ಗುಳಿಗಳಿವೆಯೆ, ಕುದುರೆ ಅರ್ಧ ಎಳೆದಲ್ಲಿ ಭದ್ರವಾಗಿ ನಿಲ್ಲುತ್ತದೆಯೆ, ಎಲ್ಲವನ್ನೂ ಪರೀಕ್ಷಿಸಬೇಕು.

ಇನ್ನು ಹೊಸದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಾರ್ಕರ್ ಹೇಲ್ ಎಂಬ ಕಂಪೆನಿ 1970ರ ದಶಕದಲ್ಲಿ ಹಳೆಯ ಅಳತೆಗಳನ್ನೇ ಹಿಡಿದು ಈ ಎನ್‌ಫೀಲ್ಡನ್ನು ಮತ್ತೆ ಮಾಡಿತು. ಇಟಲಿಯ ಬ್ರೆಶಿಯಾ ಸೀಮೆಯಲ್ಲಿಯೂ ಮಾಡುತ್ತಾರೆ. ಇಟಲಿಯ ಕೋವಿಗಳನ್ನು ಸರಕಾರದ ಪರೀಕ್ಷಾಶಾಲೆಯಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಹಳೆಯ ಚಕಮಕಿ ಕೋವಿಗಳ ಪ್ರತಿಗಳನ್ನು ನಮ್ಮ ದೇಶದಲ್ಲಿಯೂ ಮಾಡಿ ಪರದೇಶಕ್ಕೆ ಕಳಿಸುವವರಿದ್ದಾರೆ. ಬೆಲೆ ಅಗ್ಗ. ಆದರೆ ಕಿಡಿ ಹೋಗುವ ತೂತನ್ನು ಕೊರೆಯದೆ, ಗೋಡೆಯ ಅಲಂಕಾರದ ಸಾಮಾನೆಂದು ಕಳಿಸುವುದುಂಟು. ಪರೀಕ್ಷೆಯ ಮುದ್ರೆಯಿಲ್ಲದ ಅಂಥದಕ್ಕೆ ತೂತು ಕೊರೆಸಿ ಹಾರಿಸುವ ಮುನ್ನ ಬಲ್ಲ ಕಮ್ಮಾರನಿಗೆ ತೋರಿಸದಿದ್ದರೆ ನಮ್ಮ ದೊಡ್ಡಪ್ಪನವರ ಪಾಡೇ ಆದೀತು. ಹಳೆಯದಾಗಲಿ ಹೊಸದಾಗಲಿ, ಇಂಥ ಕೋವಿಗೆ ಕರಿಮದ್ದೊಂದೇ ತಕ್ಕುದು; ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸಿಡಿಯುತ್ತದೆ.

ಹಾಗಾದರೆ ಅಸಲೇ ಶ್ರೇಷ್ಠವೋ, ನಕಲೇ ಸಾಕೋ? ಇದನ್ನೇ ಯೋಚಿಸುತ್ತಿದ್ದ ನಮಗೆ ನೇಪಾಳದ ಕಮ್ಮಾರರೇ ಉತ್ತರ ಕೊಟ್ಟರು. ಇಂಗ್ಲಿಷರು ಬೇಕಾದಷ್ಟು ಆಯುಧ ಕೊಡದೆ ಇದ್ದಾಗ ನೇಪಾಳಿಗಳು ಅವರ ಕೋವಿಗಳನ್ನು ನೋಡಿ ತಾವೇ ಮಾಡಿಕೊಂಡರು. 19ನೆಯ ಶತಮಾನದ ಕೊನೆಯಲ್ಲಿ ಜನರಲ್ ಗಹೇಂದ್ರ ಶಂಶೇರರ ಹೆಸರಿನ ರೈಫಲು ಹೊರಗಿನಿಂದ ಮಾರ್ಟಿನಿ ಹೆನ್ರಿಯಂತೆ ಕಂಡರೂ ಒಳಗಿನ ಯಂತ್ರ ಬೇರೆ. ಕೈಯಿಂದ ಅರೆದು ಕೂಡಿಸಿದುದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದು. ಅಂದು ನಕಲೆನಿಸಿದ್ದನ್ನು ಇಂದು ಅಸಲೆಂದು ಹಣ ಕೊಟ್ಟು ಕೊಳ್ಳುತ್ತಾರೆ; ಏಕೆಂದರೆ ಒಬ್ಬ ಸಿಪಾಯಿ ಅದನ್ನು ಹೆಗಲ ಮೇಲೆ ಹೊತ್ತು ನಡೆದಿದ್ದಾನೆ. ನಕಲು ಮಾಡುವುದರಲ್ಲಿ ದೋಷವಿಲ್ಲ. ಹೊಸದಕ್ಕೆ ತುಕ್ಕು ಹಿಡಿಸಿ, ಹಳೆಯ ಮುದ್ರೆ ಕೊರೆದು ಮಾರುವುದರಲ್ಲಿದೆ.

ಆ ರಾತ್ರಿ ಹೋಟೆಲಿನಿಂದ ಮಗನಿಗೆ ಹೇಳಿದೆವು: "ಗುಂಡು ಹಾರಿಸುವುದಕ್ಕಾದರೆ ಪರೀಕ್ಷೆಯ ಮುದ್ರೆಯಿರುವ ಹೊಸದನ್ನು ಕೊಳ್ಳು. ಇಟ್ಟುಕೊಂಡು ನೋಡುವುದಕ್ಕಾದರೆ ಹಳೆಯದನ್ನು ಕೊಂಡು, ಉಜ್ಜಿ ಹೊಳಪು ಮಾಡದೆ, ಎಣ್ಣೆ ಸವರಿ ಇಡು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳಬೇಡ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಊರಿನ ಕೋವಿ?" ಎಂದ.

ಆ ಪ್ರಶ್ನೆ ನಮಗೆ ನಾಟಿತು. ಊರಿಗೆ ಫೋನು ಮಾಡಿ ದೊಡ್ಡಪ್ಪನವರಿಗೆ ಅಂಜುತ್ತಲೇ ಹೇಳಿದೆವು. ಸಿಟ್ಟಾಗುತ್ತಾರೆಂದುಕೊಂಡಿದ್ದೆವು. ಅವರು, "ಅದಕ್ಕೂ ವಯಸ್ಸಾಯಿತಲ್ಲ, ನನ್ನ ಹಾಗೆ. ಕೂರಿಸಿ ಪೂಜೆ ಮಾಡೋಣ, ಬಿಡು" ಎಂದರು. ಇನ್ನು ಮೇಲೆ ಕೈಲ್ ಮುಹೂರ್ತದ ಹೂ ಮುತ್ತಜ್ಜನ ಕೋವಿಗೆ; ಹುತ್ತರಿಯ ಗುಂಡು ಪಕ್ಕದಲ್ಲಿರುವ ಹೊಸ ಕೋವಿಯಿಂದ.